ಹೇಳಿದವರ ಹೆಸರು: ಒಬ್ಬ ನಾವಿಕ, ಒಂದು ಹಡಗು ಮತ್ತು ನಮ್ಮ ಊರ ಹರಿಗೋಲು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಹರಿಗೋಲು ತಾತ. ನಾನು ಎಂಟನೇ ತರಗತಿಗೆ ಸೇರಿದಾಗ ನಮ್ಮ ಶಾಲೆಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಹೊಳೆಯ ಆಚೆ ದಂಡೆಯ ಊರುಗಳಿಂದಲೂ ಹುಡುಗರು ಬರುತ್ತಿದ್ದರು. ಅವರನ್ನು ಬೆಳಿಗ್ಗೆ ಕರೆತಂದು ಸಂಜೆ ಮರಳಿ ಬಿಡುತ್ತಿದ್ದವರು ಈ ತಾತ. ಒಂದು ಮಳೆಗಾಲ ಹೊಳೆಗೆ ದಿಢೀರನೆ ನೀರು ಬಂದು, ಮಕ್ಕಳಿದ್ದ ಹರಿಗೋಲು ಕೊಚ್ಚಿಕೊಂಡು ಹೋಗಿ, ಎಲ್ಲರೂ ನಡುಗಡ್ಡೆಯಲ್ಲಿ ಒಂದು ರಾತ್ರಿ ಕಳೆದು ಮರುದಿನ ಜೀವಂತ ಬಂದರು. ಈ ಕಥೆಯನ್ನು ನಮ್ಮ ಊರಿನಲ್ಲಿ ಕೇಳದವರಿಲ್ಲ.

ಬರೆಯಲು ಕುಳಿತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಪೆನ್ನು ನಿಂತಿತು. ಅದು ಯಾವ ವರ್ಷ? ಹರಿಗೋಲಿನಲ್ಲಿ ಎಷ್ಟು ಮಕ್ಕಳಿದ್ದರು? ರಾತ್ರಿ ಏನು ತಿಂದರು? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ತಾತ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರು ಬದುಕಿದ್ದಾಗ ನಾನು ನೂರು ಸಲ ಅವರ ಎದುರು ಕುಳಿತಿದ್ದೆ, ಬೀಡಿ ಸೇದುವುದನ್ನು ನೋಡಿದ್ದೆ, ಕಥೆಯನ್ನೂ ಕೇಳಿದ್ದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಒಂದು ದಿನವೂ ಕಾಗದ ಪೆನ್ನು ಹಿಡಿದು ಅವರನ್ನು ಕೇಳಿರಲಿಲ್ಲ.

ಆ ನಾಚಿಕೆಯಲ್ಲೇ ಈ ಲೇಖನ ಬೇರೆ ದಾರಿ ಹಿಡಿಯಿತು. ಇದು ಸುಮಾರು 470 ವರ್ಷಗಳ ಹಿಂದಿನ, ನಮ್ಮಿಂದ ಬಹುದೂರದ ಸಮುದ್ರದಲ್ಲಿ ಒಡೆದ ಒಂದು ಹಡಗಿನ ಕಥೆ. ಆ ಕಥೆ ಉಳಿದದ್ದಕ್ಕೆ ಕಾರಣನಾದ ಒಬ್ಬ ಸಾಮಾನ್ಯ ನಾವಿಕನ ಕಥೆ. ಕೊನೆಗೆ ನಮ್ಮ ಹೊಳೆಯ ದಂಡೆಗೇ ಮರಳಿ ಬರುತ್ತೇನೆ. ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೋರುತ್ತೇನೆ.

ಕಡೆಯ ಸಾಲಿನ ಪಾಠ

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ನಮ್ಮನ್ನು ಕುರುಗೋಡಿಗೆ ಕರೆದೊಯ್ದಿದ್ದರು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಆ ಏಕಶಿಲೆಯ ಬಸವಣ್ಣನನ್ನು ತಲೆಯೆತ್ತಿ ನೋಡಿದ ನೆನಪು ಇನ್ನೂ ಹಾಗೇ ಇದೆ. ಗುಡ್ಡ, ಕೋಟೆ, ಹಳೆಯ ಗುಡಿಗಳನ್ನೆಲ್ಲ ತೋರಿಸಿದ ಮೇಲೆ, 12ನೇ ಶತಮಾನದಲ್ಲಿ ಇಲ್ಲಿ ಆಳಿದ ಸಿಂದರ ಬಗ್ಗೆ, ಅವರ ಕಾಲದ ಶಾಸನಗಳ ಬಗ್ಗೆ ಹೇಳಿದರು. ಆಮೇಲೆ ಒಂದು ಮಾತು ಸೇರಿಸಿದರು: "ಶಾಸನದಾಗ ರಾಜನ ಹೆಸರು ಮೊದಲ ಸಾಲಿನಾಗ ಇರ್ತೈತಿ. ಅದನ್ನ ಎಲ್ಲಾರೂ ಓದ್ತಾರ. ನೀವು ಕಡೀ ಸಾಲೂ ಓದ್ರಿ. ಬರೆದಾಂವ ಯಾರು, ಕಲ್ಲು ಕೊರೆದಾಂವ ಯಾರು ಅಂತ ಎಷ್ಟೋ ಸಲ ಅಲ್ಲಿ ಇರ್ತೈತಿ. ಅಂವ ಇಲ್ಲಾಂದ್ರ ರಾಜನೂ ಇಲ್ಲ."

ಮುಂದೆ ಬಳ್ಳಾರಿಯಲ್ಲಿ ಬಿ.ಎ. ಓದುವಾಗ ರಾಬರ್ಟ್ ಸೀವೆಲ್ಲರ ಹಂಪಿಯ ಇತಿಹಾಸ ಕೈಗೆ ಸಿಕ್ಕಿತು. 1900ರಲ್ಲಿ ಪ್ರಕಟವಾದ ಆ ಪುಸ್ತಕದ ಬೆನ್ನೆಲುಬು ಇಬ್ಬರು ಪೋರ್ಚುಗೀಸರ ಬರವಣಿಗೆ. ಒಬ್ಬ ಡೊಮಿಂಗೊ ಪಾಯೆಸ್, ಇನ್ನೊಬ್ಬ ಫೆರ್ನಾಂವ್ ನೂನಿಜ್. ಇಬ್ಬರ ಹೆಸರೂ ನಮ್ಮ ಪಠ್ಯಪುಸ್ತಕದಲ್ಲಿ ಬರುತ್ತವೆ. ಮಹಾನವಮಿಯ ವೈಭವ, ಕೃಷ್ಣದೇವರಾಯನ ಮೈಕಟ್ಟು, ರಾಯಚೂರಿನ ಯುದ್ಧ, ಹಂಪಿಯ ಬಜಾರು ಎಲ್ಲವನ್ನೂ ನಾವು ತಿಳಿದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಇಬ್ಬರದು. ಇವರು ರಾಯಭಾರಿಗಳಲ್ಲ, ಪಂಡಿತರಲ್ಲ. ವ್ಯಾಪಾರದ ಬೆನ್ನು ಹತ್ತಿ ಬಂದವರು. ಕಂಡದ್ದನ್ನು, ಕೇಳಿದ್ದನ್ನು ಬರೆದರು. ಅವರ ಹಸ್ತಪ್ರತಿ ಎಲ್ಲೋ ಉಳಿದು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು.

ನಮ್ಮ ಜಿಲ್ಲೆಗಳದೇ ಇನ್ನೊಂದು ಉದಾಹರಣೆಯೂ ಇದೆ. 1800ರಲ್ಲಿ ಬಳ್ಳಾರಿ ಸೀಮೆ ಬ್ರಿಟಿಷರ ಕೈಸೇರಿದ ಮೇಲೆ ಕಾಲಿನ್ ಮೆಕೆಂಜಿ ಎಂಬ ಸರ್ವೇ ಅಧಿಕಾರಿ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹ ಮಾಡಿಸಿದ. ಸಂಗ್ರಹಕ್ಕೆ ಹೆಸರು ಅವನದು. ಹಳ್ಳಿಗಳಿಗೆ ಹೋಗಿ ಕುಳಿತು ಕೇಳಿ ಬರೆದುಕೊಂಡವರು ಕಾವಲಿ ಸೋದರರಂಥ ನಮ್ಮ ದೇಶದ ಸಹಾಯಕರು. ಹೇಳಿದವರು ಆಯಾ ಊರಿನ ಕರಣಿಕರು, ಗೌಡರು, ಪೂಜಾರಿಗಳು.

ಮೇಷ್ಟ್ರ ಆ ಕಡೆಯ ಸಾಲಿನ ಮಾತು ನನ್ನ ಜೊತೆಗೇ ಬಂತು. ಯಾವ ಹಳೆಯ ಕಥೆ ಓದಿದರೂ ಇದನ್ನು ಹೇಳಿದವರು ಯಾರು, ಕೇಳಿ ಬರೆದವರು ಯಾರು ಎಂದು ಹುಡುಕುವ ಚಟ ಹತ್ತಿತು. ಪಾಯೆಸ್, ನೂನಿಜ್ ಅವರ ಕಾಲದ ಪೋರ್ಚುಗೀಸರ ಬಗ್ಗೆ ಓದುತ್ತ ಹೋದಾಗ, ಅದೇ ತಲೆಮಾರಿನ ಇನ್ನೊಂದು ಕಥನದ ಇಂಗ್ಲಿಷ್ ಅನುವಾದ ಸಿಕ್ಕಿತು. ಅದರ ಮುನ್ನುಡಿಯಲ್ಲೇ ಒಂದು ಹೆಸರಿತ್ತು: ಆಲ್ವಾರೊ ಫರ್ನಾಂಡಿಸ್.

ಮೆಣಸಿನ ಹಡಗು

ಆ ಕಾಲವನ್ನು ಮೊದಲು ನೆನಪಿಸಿಕೊಳ್ಳೋಣ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆಗಳು ಗೋವೆಯ ಮೂಲಕ ಬರುತ್ತಿದ್ದವು. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಎರಡೂ ಕಡೆಯವರು ಆ ಕುದುರೆ ವ್ಯಾಪಾರದ ಬಗ್ಗೆ ಒಪ್ಪಂದ ಮಾಡಿಕೊಂಡರು. ಪೋರ್ಚುಗೀಸರಿಗೆ ಇಲ್ಲಿಂದ ಮುಖ್ಯವಾಗಿ ಬೇಕಾದದ್ದು ಕರಿಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರೆಂಬುದು ನಮಗೆಲ್ಲ ಗೊತ್ತು.

ಆ ಮೆಣಸನ್ನು ಹೊತ್ತು ಲಿಸ್ಬನ್ನಿಗೆ ಹೊರಟ ಹಡಗುಗಳಲ್ಲಿ ಒಂದು 'ಸಾಂವ್ ಜೊವಾಂವ್'. ಸಂತ ಯೋಹಾನನ ಹೆಸರಿನ ಭಾರೀ ಹಡಗು. ಕಪ್ತಾನ ಮನುಯೆಲ್ ದ ಸೋಜಾ ಸೆಪುಲ್ವೆದಾ ದೊಡ್ಡ ಮನೆತನದವನು, ಯುದ್ಧಗಳನ್ನು ಕಂಡವನು. ಅವನ ಹೆಂಡತಿ ದೋನಾ ಲಿಯೊನೋರ್ ಗೋವೆಯ ಗವರ್ನರ್ ಆಗಿದ್ದ ಗಾರ್ಸಿಯಾ ದ ಸಾ ಎಂಬುವವನ ಮಗಳು. ಪುಟ್ಟ ಮಕ್ಕಳ ಜೊತೆ ಅವರು ಊರಿಗೆ ಮರಳುತ್ತಿದ್ದರು.

ಹಡಗು ಮೊದಲು ಕೊಲ್ಲಮ್ಮಿಗೆ ಹೋಯಿತು. ಅಲ್ಲಿ ಮೆಣಸು ಸಾಕಷ್ಟು ಇರಲಿಲ್ಲ. 4,500 ಕ್ವಿಂಟಲ್ ಮಾತ್ರ ದೊರೆಯಿತು. ಕೊಚ್ಚಿಗೆ ಬಂದರೆ ಮಲಬಾರಿನಲ್ಲಿ ಯುದ್ಧ ನಡೆದಿತ್ತು. ಬಹಳ ಕಷ್ಟಪಟ್ಟು ಒಟ್ಟು 7,500 ಕ್ವಿಂಟಲ್ ತುಂಬಿಸಿದರು. ಹಡಗಿಗೆ 12,000 ಕ್ವಿಂಟಲ್ ಹೊರುವ ಶಕ್ತಿ ಇತ್ತು. ಸಿರುಗುಪ್ಪದ ಭತ್ತದ ರೈತರಿಗೆ ಒಂದು ಮಾತು: ಆಗಿನ ಅವರ ಕ್ವಿಂಟಲ್ ನಮ್ಮ ನೂರು ಕಿಲೋದ್ದಲ್ಲ, ಹೆಚ್ಚುಕಡಿಮೆ ಅದರ ಅರ್ಧ. ಆದರೂ ಲೆಕ್ಕ ಹಾಕಿದರೆ ಅದು ನಾಲ್ಕು ನೂರು ಟನ್ನಿನ ಹತ್ತಿರದ ಮೆಣಸು. ಮೆಣಸು ಕಡಿಮೆಯಾಯಿತೆಂದು ಉಳಿದ ಜಾಗದಲ್ಲಿ ಬೇರೆ ಸರಕು ತುಂಬಿದರು. ಸರಕಿನ ಜೊತೆಗೆ ನೂರಾರು ಗುಲಾಮರೂ ಇದ್ದರು. ಹಡಗಿನಲ್ಲಿ ಸುಮಾರು ಆರು ನೂರು ಜನ. ಅವರಲ್ಲಿ ಪೋರ್ಚುಗೀಸರಿಗಿಂತ ಗುಲಾಮರೇ ಹೆಚ್ಚು.

ಈ ಓಡಾಟದಲ್ಲಿ ತಡವಾಯಿತು. ಹಡಗು ಕೊಚ್ಚಿ ಬಿಟ್ಟದ್ದು 1552ರ ಫೆಬ್ರವರಿ 3ರಂದು. ಅಷ್ಟು ತಡವಾಗಿ ಹೊರಟರೆ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತುವ ಹೊತ್ತಿಗೆ ಅಲ್ಲಿನ ಚಳಿಗಾಲದ ಬಿರುಗಾಳಿ ಎದುರಾಗುತ್ತದೆ. ಇನ್ನೊಂದು ತಪ್ಪೂ ಆಗಿತ್ತು. ಹಡಗಿಗೆ ಇದ್ದದ್ದು ಒಂದೇ ಜೊತೆ ಹಾಯಿ, ಅದೂ ಹಳೆಯದು. ದಾರಿಯುದ್ದಕ್ಕೂ ಹರಿದ ಹಾಯಿಯನ್ನು ಇಳಿಸಿ ಹೊಲಿಯುವುದರಲ್ಲೇ ದಿನಗಳು ಹೋದವು. ಹಡಗು ಹಾಳಾಗಲು ಈ ಹರಿದ ಹಾಯಿಗಳೂ ಒಂದು ಕಾರಣವೆಂದು ಕಥನ ಸ್ಪಷ್ಟವಾಗಿ ಹೇಳುತ್ತದೆ. ಲಕ್ಷಾಂತರ ಹಣದ ಮೆಣಸು ಹೊತ್ತ ಹಡಗಿಗೆ ಒಂದು ಜೊತೆ ಹೊಸ ಬಟ್ಟೆ ಇರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಡಗು ಆಫ್ರಿಕಾದ ದಕ್ಷಿಣ ಭಾಗವನ್ನು ಮುಟ್ಟಿದಾಗ ಗಾಳಿ ತಿರುಗಿತು. ಕೂವೆಮರ ಮುರಿಯಿತು, ಒಳಗೊಳಗೇ ಕೊಳೆತಿದ್ದ ಚುಕ್ಕಾಣಿಯೂ ಹೋಯಿತು. ಮಾರಲು ತಂದಿದ್ದ ಬಟ್ಟೆಯನ್ನೇ ಹೊಲಿದು ಹಾಯಿ ಮಾಡಿದರು. ಅದೂ ನಿಲ್ಲಲಿಲ್ಲ. ಕೊನೆಗೆ ಇಂದಿನ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ದಡದ ಹತ್ತಿರ ಲಂಗರು ಹಾಕಿ, ದೋಣಿಯಲ್ಲಿ ಕೆಲವರನ್ನು ಇಳಿಸಿದರು. ದೋಣಿ ಒಡೆಯಿತು. ಜೂನ್ 24ರಂದು ಹಡಗೂ ಒಡೆದು ಚೂರಾಯಿತು. ಅದು ಸಂತ ಯೋಹಾನನ ಹಬ್ಬದ ದಿನವೇ ಆಗಿತ್ತು. ದಡ ಸೇರುವಾಗಲೇ ನಲವತ್ತಕ್ಕಿಂತ ಹೆಚ್ಚು ಪೋರ್ಚುಗೀಸರು, ಎಪ್ಪತ್ತು ಗುಲಾಮರು ಸತ್ತರು. ಇಂದು ಪೋರ್ಟ್ ಎಡ್ವರ್ಡ್ ಎನ್ನುವ ಊರಿನ ಬಳಿಯ ದಡದಲ್ಲಿ ಸಿಕ್ಕ ಚೀನೀ ಪಿಂಗಾಣಿಯ ಚೂರುಗಳು, ಕೆಂಪು ಮಣಿಗಳು ಈ ಹಡಗಿನವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಐದು ನೂರು ಜನರ ನಡಿಗೆ

ಒಡೆದ ಮರದಿಂದ ಚಿಕ್ಕ ಹಡಗು ಕಟ್ಟೋಣವೆಂದರೆ ಒಂದು ಹಲಗೆಯೂ ನೆಟ್ಟಗೆ ಉಳಿದಿರಲಿಲ್ಲ. ಜುಲೈ 7ರಂದು ಅವರು ಕರಾವಳಿ ಹಿಡಿದು ಉತ್ತರಕ್ಕೆ ನಡೆಯತೊಡಗಿದರು. ಒಟ್ಟು ಐದು ನೂರು ಜನ, ಅವರಲ್ಲಿ ನೂರ ಎಂಬತ್ತು ಮಂದಿ ಪೋರ್ಚುಗೀಸರು. ಮುಂದೆ ಧ್ವಜ, ಕಪ್ತಾನ, ಅವನ ಸಂಸಾರ. ದೋನಾ ಲಿಯೊನೋರಳನ್ನು ಗುಲಾಮರು ಹೊತ್ತು ನಡೆದರು. ನಡುವೆ ನಾವಿಕರು ಮತ್ತು ಗುಲಾಮ ಹೆಂಗಸರು. ಹಿಂದೆ ಉಳಿದವರು.

ನದಿ ಬಂದರೆ ದಾಟಲು ಒಳನಾಡಿಗೆ ಸುತ್ತಬೇಕು. ಮೊದಲ ತಿಂಗಳು ನೂರು ಹರದಾರಿ ನಡೆದರೂ, ಕರಾವಳಿಯ ಲೆಕ್ಕದಲ್ಲಿ ಮುಂದೆ ಸಾಗಿದ್ದು ಮೂವತ್ತು ಹರದಾರಿಯಷ್ಟೆ. ಅನ್ನ ಮುಗಿಯಿತು. ಕಾಡುಹಣ್ಣು, ದಡಕ್ಕೆ ಬಂದ ಸತ್ತ ಮೀನು, ಮೂಳೆ, ಹೀಗೆ ಸಿಕ್ಕಿದ್ದು ತಿಂದರು. ನೀರಿಗೆ ಬಂದ ಕಷ್ಟ ಇನ್ನೂ ದೊಡ್ಡದು. ಒಂದು ಸಣ್ಣ ಪಾತ್ರೆ ನೀರು ಹತ್ತು ಕ್ರುಜಾದೊ ಚಿನ್ನದ ನಾಣ್ಯಕ್ಕೆ ಮಾರಾಟವಾಯಿತು. ದಿನವೂ ಒಬ್ಬಿಬ್ಬರು ಹಿಂದೆ ಬೀಳುತ್ತಿದ್ದರು. ಹಿಂದೆ ಬಿದ್ದವರು ಮತ್ತೆ ಬರುತ್ತಿರಲಿಲ್ಲ.

ಕಪ್ತಾನನಿಗೆ ಬೇರೆ ಸಂಬಂಧದಲ್ಲಿ ಹುಟ್ಟಿದ ಹತ್ತು ಹನ್ನೊಂದು ವರ್ಷದ ಒಬ್ಬ ಮಗನಿದ್ದ. ಹಸಿವಿನಿಂದ ಸೋತಿದ್ದ ಆ ಹುಡುಗನನ್ನು ಒಬ್ಬ ಗುಲಾಮ ಹೆಗಲ ಮೇಲೆ ಹೊತ್ತಿದ್ದ. ಹೊತ್ತವನಿಗೂ ಶಕ್ತಿ ಇರಲಿಲ್ಲ. ಇಬ್ಬರೂ ಹಿಂದುಳಿದರು. ಗೊತ್ತಾಗುವ ಹೊತ್ತಿಗೆ ಉಳಿದವರು ಅರ್ಧ ಹರದಾರಿ ಮುಂದೆ ಬಂದಿದ್ದರು. ಹಿಂದೆ ಹೋಗಿ ಹುಡುಕಿದವರಿಗೆ ಐನೂರು ಕ್ರುಜಾದೊ ಕೊಡುತ್ತೇನೆಂದ ತಂದೆ. ಕತ್ತಲಾಗುತ್ತಿತ್ತು, ಕಾಡುಮೃಗಗಳ ಭಯ. ಯಾರೂ ಹೋಗಲಿಲ್ಲ. ಈ ಭಾಗ ಓದುವಾಗಲೆಲ್ಲ ನನಗೆ ಕಪ್ತಾನನಿಗಿಂತ ಆ ಹೊತ್ತವನ ನೆನಪೇ ಹೆಚ್ಚು ಆಗುತ್ತದೆ. ಅವನಿಗೆ ಆ ಪುಸ್ತಕದಲ್ಲಿ ಹೆಸರಿಲ್ಲ.

ಮೂರು ತಿಂಗಳ ನಡಿಗೆಯ ಬಳಿಕ ಇಂದಿನ ಮಪುಟೊ ಕೊಲ್ಲಿಯ ಬಳಿ ಒಬ್ಬ ವೃದ್ಧ ಆಫ್ರಿಕನ್ ಅರಸ ಸಿಕ್ಕಿದ. ಒಳ್ಳೆಯವನು. ಮುಂದಿನ ಜನ ನಿಮ್ಮನ್ನು ದೋಚುತ್ತಾರೆ, ಹಡಗು ಬರುವವರೆಗೆ ಇಲ್ಲೇ ಇರಿ ಎಂದ. ಕಪ್ತಾನ ಕೇಳಲಿಲ್ಲ. ನದಿ ದಾಟಿ ಮುಂದೆ ಹೋದ. ಮುಂದಿನ ಊರಿನ ಒಡೆಯ ಆಯುಧ ಒಪ್ಪಿಸಿದರೆ ಮಾತ್ರ ಅನ್ನ ಎಂದ. ಆಯುಧ ಕೊಡಬೇಡಿ, ಕೊಟ್ಟರೆ ನಾವು ಮುಗಿದೆವು ಎಂದು ದೋನಾ ಲಿಯೊನೋರ್ ಗಂಡನಿಗೆ ಹೇಳಿದಳು. ಅವಳ ಮಾತನ್ನೂ ಕೇಳಲಿಲ್ಲ. ಆಯುಧ ಹೋದ ಮೇಲೆ ಎಲ್ಲರನ್ನೂ ಚದುರಿಸಿ, ಇದ್ದದ್ದನ್ನೆಲ್ಲ ಕಿತ್ತುಕೊಂಡು, ಮೈಮೇಲಿನ ಬಟ್ಟೆಯನ್ನೂ ಸುಲಿದರು.

ಬಟ್ಟೆ ಹೋದ ಮೇಲೆ ಲಿಯೊನೋರ್ ಮರಳಿನಲ್ಲಿ ಗುಂಡಿ ತೋಡಿ ಸೊಂಟದವರೆಗೆ ಹೂತುಕೊಂಡಳು. ಉದ್ದನೆಯ ಕೂದಲಿನಿಂದ ಮೈ ಮುಚ್ಚಿಕೊಂಡಳು. ಮತ್ತೆ ಅಲ್ಲಿಂದ ಏಳಲಿಲ್ಲ. ಜೊತೆಗಿದ್ದ ಗಂಡಸರಿಗೆ ನೀವಾದರೂ ಹೋಗಿ ಜೀವ ಉಳಿಸಿಕೊಳ್ಳಿ ಎಂದು ಕಳಿಸಿದಳು. ಕಪ್ತಾನ ಕಾಡಿಗೆ ಹೋಗಿ ಹಣ್ಣು ತರುವಷ್ಟರಲ್ಲಿ ಒಂದು ಮಗು ಸತ್ತಿತ್ತು, ಮರುದಿನ ಅವಳೂ ಇನ್ನೊಂದು ಮಗುವೂ ಹೋದರು. ಗುಲಾಮ ಹೆಂಗಸರ ನೆರವಿನಿಂದ ಮರಳಿನಲ್ಲಿ ಅವರನ್ನು ಹೂತು, ಒಂದು ಮಾತೂ ಆಡದೆ ಕಾಡಿಗೆ ಹೋದ. ಮತ್ತೆ ಅವನನ್ನು ಕಂಡವರಿಲ್ಲ.

ದಂತದ ವ್ಯಾಪಾರಕ್ಕೆ ಬಂದ ಒಂದು ಹಡಗಿನವರು ಉಳಿದವರನ್ನು ಮಣಿಗಳನ್ನು ಕೊಟ್ಟು ಬಿಡಿಸಿಕೊಂಡರು. 1553ರ ಮೇ 25ರಂದು ಮೊಜಾಂಬಿಕ್ ದ್ವೀಪ ಮುಟ್ಟಿದವರ ಲೆಕ್ಕ ಇಷ್ಟು: ಎಂಟು ಪೋರ್ಚುಗೀಸರು, ಹದಿನಾಲ್ಕು ಗುಲಾಮ ಗಂಡಸರು, ಮೂವರು ಗುಲಾಮ ಹೆಂಗಸರು. ನಡೆಯಲು ಹೊರಟ ಐದು ನೂರರಲ್ಲಿ ಇಪ್ಪತ್ತೈದು ಜನ.

ಹೇಳಿದವನು, ಬರೆದವನು

ಈಗ ಆ ಹೆಸರಿಗೆ ಬರೋಣ. ಆಲ್ವಾರೊ ಫರ್ನಾಂಡಿಸ್ ಆ ಹಡಗಿನ 'ಗಾರ್ದಿಯಾಂವ್'. ಹಡಗಿನ ಮುಖ್ಯ ನಾವಿಕ, ಅವನ ಸಹಾಯಕ, ಇವರಿಬ್ಬರ ಕೆಳಗಿನ ಕೆಲಸಗಾರ. ಎಳೆಯ ನಾವಿಕ ಹುಡುಗರಿಂದ ಕೆಲಸ ಮಾಡಿಸುವುದು ಅವನ ಜವಾಬ್ದಾರಿ. ನಮ್ಮ ಮಾತಿನಲ್ಲಿ ಮೇಸ್ತ್ರಿ ಎನ್ನಬಹುದು. ಅವನ ಊರು, ತಂದೆತಾಯಿ, ವಯಸ್ಸು ಯಾವುದನ್ನೂ ಕಥನ ಹೇಳುವುದಿಲ್ಲ. ಹಾಯಿ ಹರಿದದ್ದು, ಚುಕ್ಕಾಣಿ ಕೊಳೆತದ್ದು, ನೀರಿನ ಬೆಲೆ, ನಡಿಗೆಯಲ್ಲಿ ಯಾರು ಎಲ್ಲಿದ್ದರು, ಇಂಥ ವಿವರಗಳನ್ನು ಇಷ್ಟು ಖಚಿತವಾಗಿ ಹೇಳಬೇಕಾದರೆ ಹಡಗಿನ ಕೆಲಸ ಬಲ್ಲವನೇ ಆಗಬೇಕು. ಕಪ್ತಾನನ ಆಸ್ಥಾನದವರಿಗೆ ಹಾಯಿಯ ಹೊಲಿಗೆ ಕಾಣುವುದಿಲ್ಲ.

1554ರಲ್ಲಿ ಇವನು ಮೊಜಾಂಬಿಕ್‌ನಲ್ಲಿ ಒಬ್ಬನಿಗೆ ಆಕಸ್ಮಿಕವಾಗಿ ಸಿಕ್ಕಿದ. ಆ ಒಬ್ಬ ತನ್ನ ಹೆಸರು ಬರೆದಿಲ್ಲ. ಆದರೆ ಒಂದು ಪ್ರಾಮಾಣಿಕ ಕೆಲಸ ಮಾಡಿದ. ನನಗೆ ಇದನ್ನು ವಿವರವಾಗಿ ಹೇಳಿದವನು ಆ ಹಡಗಿನ ಆಲ್ವಾರೊ ಫರ್ನಾಂಡಿಸ್ ಎಂದು ಮುನ್ನುಡಿಯಲ್ಲೇ ದಾಖಲಿಸಿದ. ಬರೆದವನು ಅನಾಮಧೇಯ, ಹೇಳಿದವನಿಗೆ ಹೆಸರು. ಇಂಥದ್ದು ಅಪರೂಪ, ಸಾಮಾನ್ಯವಾಗಿ ಇದಕ್ಕೆ ವಿರುದ್ಧವೇ ಆಗುವುದು.

ಆ ಬರಹ 16ನೇ ಶತಮಾನದಲ್ಲೇ ಲಿಸ್ಬನ್ನಿನಲ್ಲಿ ಚಿಕ್ಕ ಪುಸ್ತಿಕೆಯಾಗಿ ಅಚ್ಚಾಯಿತು. ಅಲ್ಲಿಂದ ಮುಂದೆ ಹಡಗು ಒಡೆದ ಕಥೆಗಳದೇ ಒಂದು ಪರಂಪರೆ ಪೋರ್ಚುಗೀಸ್ ಸಾಹಿತ್ಯದಲ್ಲಿ ಬೆಳೆಯಿತು. 1735-36ರಲ್ಲಿ ಗೋಮೆಸ್ ದ ಬ್ರಿತೊ ಎಂಬಾತ ಅಂಥ ಕಥನಗಳನ್ನು ಎರಡು ಸಂಪುಟಗಳಲ್ಲಿ ತಂದಾಗ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು. ಮಹಾಕವಿ ಕಮೊಯಿಶ್ 1553ರಲ್ಲಿ ಗೋವೆಗೆ ಬಂದವನು. 1572ರಲ್ಲಿ ಅಚ್ಚಾದ ಅವನ ಮಹಾಕಾವ್ಯದ ಐದನೇ ಸರ್ಗದಲ್ಲಿ ಈ ದುರಂತ ಬರುತ್ತದೆ. 1594ರಲ್ಲಿ ಕೋರ್ತೆ ರಿಯಾಲ್ ಎಂಬ ಕವಿಯ ಇಡೀ ಕಾವ್ಯವೇ ಸೆಪುಲ್ವೆದಾನ ಮೇಲೆ ಪ್ರಕಟವಾಯಿತು. ಕಾವ್ಯಗಳಲ್ಲಿ ಕಪ್ತಾನನೂ ಅವನ ಸುಂದರಿ ಹೆಂಡತಿಯೂ ಅಮರರಾದರು. ಹಾಯಿ ಹೊಲಿಸಿದ ಮೇಸ್ತ್ರಿಗೆ ಅಲ್ಲಿ ಜಾಗವಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಲೇಖನ ಮುಗಿಯುತ್ತಿತ್ತು. ಆದರೆ ಮತ್ತೊಮ್ಮೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕವಿಗಳೆಲ್ಲ ಹಾಡಿದ ದೃಶ್ಯ ಯಾವುದು? ಲಿಯೊನೋರಳ ಸಾವು, ಮರಳಿನ ಸಮಾಧಿ. ಆ ಹೊತ್ತಿನಲ್ಲಿ ಅಲ್ಲಿ ಇದ್ದವರು ಯಾರು? ಗಂಡಸರನ್ನು ಅವಳೇ ಕಳಿಸಿಬಿಟ್ಟಿದ್ದಳು. ಕಪ್ತಾನ ಹಿಂತಿರುಗಲಿಲ್ಲ. ಉಳಿದದ್ದು ಐವರು ಗುಲಾಮ ಹೆಂಗಸರು. ಅವರಲ್ಲಿ ಮೂವರು ಬದುಕಿ ಗೋವೆಗೆ ಬಂದು, ತಾವು ಕಂಡದ್ದನ್ನು ಹೇಳಿದರು ಎಂದು ಕಥನವೇ ತಿಳಿಸುತ್ತದೆ. ಅಂದರೆ ಆ ಕಥೆಯ ಹೃದಯವನ್ನು ಹೇಳಿದವರು ಆ ಮೂವರು. ಸತ್ತವರಿಗೆ ಮರಳು ಮುಚ್ಚಿದ ಕೈಗಳೂ ಅವರವೇ. ಆಲ್ವಾರೊ ಫರ್ನಾಂಡಿಸ್‌ಗೆ ಒಂದು ಹೆಸರಾದರೂ ಸಿಕ್ಕಿತು. ಅವರಿಗೆ ಅದೂ ಇಲ್ಲ. ಲೆಕ್ಕ ಮಾತ್ರ ಇದೆ, ಮೂರು ಎಂದು.

ಕುರುಗೋಡಿನಲ್ಲಿ ಮೇಷ್ಟ್ರು ಹೇಳಿದ ಕಡೆಯ ಸಾಲು ನನಗೆ ಆಗ ಪೂರ್ತಿ ಅರ್ಥವಾಯಿತು. ಕಡೆಯ ಸಾಲಿನ ಕೆಳಗೂ ಒಂದು ಸಾಲು ಇರುತ್ತದೆ. ಅದನ್ನು ಯಾರೂ ಕೊರೆದಿರುವುದಿಲ್ಲ.

ಮರಳಿ ನಮ್ಮ ಹೊಳೆಗೆ

ಪುಸ್ತಕ ಮುಚ್ಚಿಟ್ಟು ಕುಳಿತಾಗ ನನ್ನ ತಪ್ಪು ಹೊಳೆಯಿತು. ಹರಿಗೋಲು ತಾತ ಹೋದರು, ಇನ್ನು ಕೇಳಲು ಯಾರೂ ಇಲ್ಲವೆಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ತಾತನ ಹೆಂಡತಿ ಇದ್ದಾರಲ್ಲ! ಎಂಬತ್ತು ದಾಟಿದ್ದರೂ ಗಟ್ಟಿಯಾಗಿದ್ದಾರೆ. ಇಷ್ಟು ವರ್ಷ ಆ ಮನೆಗೆ ಹೋದಾಗಲೆಲ್ಲ ಅವರು ಕೊಟ್ಟ ಚಹಾ ಕುಡಿದಿದ್ದೇನೆ, ಅವರನ್ನು ಒಂದು ಮಾತು ಕೇಳಿರಲಿಲ್ಲ.

ಮರುದಿನವೇ ನೋಟ್‌ಬುಕ್ ಹಿಡಿದು ಹೋದೆ. ವಿಷಯ ಹೇಳಿದೆ. ಅವರು ನಕ್ಕರು. "ಈಗ ಬಂದಿಯೇನಪ್ಪಾ? ಬರ್ಕೋ" ಎಂದರು.

ಅವರು ಹೇಳಿದ್ದನ್ನು ಸಂಕ್ಷೇಪವಾಗಿ ಕೊಡುತ್ತೇನೆ. ಹರಿಗೋಲಿನಲ್ಲಿ ಆ ದಿನ ಇದ್ದದ್ದು ಏಳು ಹುಡುಗರು, ಇಬ್ಬರು ಹುಡುಗಿಯರು. ನಮ್ಮ ಊರಿನಲ್ಲಿ ಹನ್ನೆರಡು, ಹದಿನೈದು ಎಂದೆಲ್ಲ ಕಥೆ ಬೆಳೆದಿದೆ. ಅವರು ಒಂಬತ್ತು ಜನರನ್ನೂ ಮನೆ ಮನೆ ಲೆಕ್ಕದಲ್ಲಿ ಹೇಳಿದರು. ಮೇಲೆ ಮಳೆಯಾಗಿ ಡ್ಯಾಮಿನಿಂದ ನೀರು ಬಿಟ್ಟಿದ್ದರು. ನಡು ಹೊಳೆಯಲ್ಲಿ ಹುಟ್ಟು ಕೈಜಾರಿತು. ತಾತ ಹರಿಗೋಲನ್ನು ಎದುರಿಗೆ ಹಿಡಿಯಲು ಹೋಗದೆ, ತಿರುಗಲು ಬಿಟ್ಟು, ಕೈಯಿಂದಲೇ ನೀರು ತಳ್ಳುತ್ತ ನಡುಗಡ್ಡೆಯ ಜಾಲಿಗಿಡ ಹಿಡಿದರು. ಮುಳ್ಳಿನಿಂದ ಅಂಗೈ ಸೀಳಿತು. ಆ ಕೈಯ ಎರಡು ಬೆರಳು ಮುಂದೆ ಎಂದೂ ಪೂರ್ತಿ ಮಡಚಲಿಲ್ಲ. ರಾತ್ರಿ ಮಕ್ಕಳನ್ನು ಹರಿಗೋಲು ಬೋರಲು ಹಾಕಿ ಅದರ ಕೆಳಗೆ ಕೂಡಿಸಿದರು. ಒಬ್ಬ ಹುಡುಗಿಯ ಚೀಲದಲ್ಲಿ ಮಧ್ಯಾಹ್ನ ಉಳಿಸಿದ್ದ ಒಂದೂವರೆ ರೊಟ್ಟಿ ಇತ್ತು. ಅದನ್ನೇ ಒಂಬತ್ತು ಪಾಲು ಮಾಡಿದರು. ತಾತ ತಿನ್ನಲಿಲ್ಲ.

"ಎಲ್ಲಾರೂ ನಿಮ್ಮ ತಾತನ್ನ ಹೊಗಳ್ತೀರಿ" ಎಂದು ಅಜ್ಜಿ ಕೊನೆಗೆ ಹೇಳಿದರು. "ಹೊಗಳ್ರಿ, ಬ್ಯಾಡ ಅನ್ನಾಕಿಲ್ಲ. ಆದ್ರ ಆ ಹರಿಗೋಲಿಗೆ ಮೂರು ದಿನ ಮುಂಚಿಗೆ ಡಾಂಬರು ಕಾಸಿ ಬಳದಾಕಿ ನಾನು. ನಾಳೆ ಮಾಡೋಣು ಅಂದಿದ್ರು ಅವ್ರು. ಮೋಡ ನೋಡಿ ನಾನ ಹಚ್ಚಿದೆ. ಹಳೇ ತೂತು ಹಂಗ ಇದ್ದಿದ್ರ ಆ ಗಿಡಾನೂ ಸಿಗ್ತಿದ್ದಿಲ್ಲ."

ನಾನು ಸ್ವಲ್ಪ ಹೊತ್ತು ಬರೆಯದೆ ಕುಳಿತೆ. ನಾನೂರು ಟನ್ನಿನ ಮೆಣಸು ಹೊತ್ತ ಹಡಗು ಹರಿದ ಹಾಯಿಯಿಂದ ಹೋಯಿತು. ಒಂಬತ್ತು ಮಕ್ಕಳನ್ನು ಹೊತ್ತ ಬಿದಿರಿನ ಬುಟ್ಟಿ ಒಬ್ಬ ಹೆಂಗಸು ಹಚ್ಚಿದ ಡಾಂಬರಿನಿಂದ ಉಳಿಯಿತು. ಇಷ್ಟು ವರ್ಷ ನಮ್ಮ ಊರು ಹೇಳಿದ ಕಥೆಯಲ್ಲಿ ಆ ಡಾಂಬರು ಇರಲೇ ಇಲ್ಲ. ಆ ಒಂಬತ್ತು ಮಕ್ಕಳಲ್ಲಿ ಕೆಲವರು ಈ ಸಂಚಿಕೆಯನ್ನು ಓದುತ್ತಿರಬಹುದು. ಅವರಿಗೂ ಇದು ಗೊತ್ತಿರಲಾರದು.

ಮನೆಯವರ ಇಚ್ಛೆಯಂತೆ ಇಲ್ಲಿ ಹೆಸರುಗಳನ್ನು ಅಚ್ಚು ಹಾಕಿಲ್ಲ. ಆದರೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ, ಅಜ್ಜಿ ಹೇಳಿದ ಪೂರ್ತಿ ಮಾತನ್ನೂ, ಹೇಳಿದ ದಿನಾಂಕವನ್ನೂ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಮೊದಲ ಹನ್ನೊಂದು ಪುಟ ತುಂಬಿವೆ. ಉಳಿದವು ಖಾಲಿ.

ಹಳೆಯ ವಿದ್ಯಾರ್ಥಿಗಳಲ್ಲಿ, ಶಿಕ್ಷಕರಲ್ಲಿ, ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಈ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯರ ಭಾವಚಿತ್ರಗಳಿವೆ, ದಾನಿಗಳ ಹೆಸರುಗಳಿವೆ. ಇರಲೇಬೇಕು, ಅವು ಮೊದಲ ಸಾಲು. ಆದರೆ ಶಾಲೆಯ ಅಡಿಪಾಯ ತೋಡಿದವರು, ಗಂಟೆ ಹೊಡೆದ ಜವಾನರು, 2009ರ ನೆರೆಯಲ್ಲಿ ನಮ್ಮ ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿದಾಗ ಜನರಿಗೆ ಅಡುಗೆ ಮಾಡಿ ಹಾಕಿದವರು, ಇವರೆಲ್ಲ ಇನ್ನೂ ನಮ್ಮ ನಡುವೆ ಇದ್ದಾರೆ. ಹೋಗಿ ಕೇಳಿ. ಅವರಿಲ್ಲದಿದ್ದರೆ ಅವರ ಮನೆಯ ಹೆಂಗಸರನ್ನು ಕೇಳಿ. ಕೇಳಿದ್ದನ್ನು ಬರೆಯಿರಿ, ಕೆಳಗೆ ಹೇಳಿದವರ ಹೆಸರು ಹಾಕಿ, ನಿಮ್ಮ ಹೆಸರು ಆಮೇಲೆ ಹಾಕಿದರೂ ನಡೆಯುತ್ತದೆ.

1554ರಲ್ಲಿ ಮೊಜಾಂಬಿಕ್‌ನಲ್ಲಿ ಹೆಸರಿಲ್ಲದ ಒಬ್ಬ ಮಾಡಿದ್ದು ಇಷ್ಟೇ ಕೆಲಸ. ರಿಜಿಸ್ಟರು ಗ್ರಂಥಾಲಯದ ಮೇಜಿನ ಮೇಲೆ ಇದೆ. ಪೆನ್ನು ಅದಕ್ಕೇ ದಾರದಿಂದ ಕಟ್ಟಿದ್ದೇನೆ.